ಮಾಧ್ಯಮ ಸಾಕ್ಷರತೆ ಮೇಲೆ ಪಿಎಚ್‌ಡಿ: ಪೇಪರ್ ಎಣಿಸೋದಾ, ತರಗತಿಗೆ ಇಳಿಯೋದಾ?

ಮಲೆನಾಡು_ಮಿಸ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಜೊತೆಗೆ ಶಿಕ್ಷಣ ವಿಷಯದಲ್ಲಿ ಪಾರ್ಟ್ ಟೈಮ್ ಪಿಎಚ್‌ಡಿ. ಕೋರ್ಸ್‌ವರ್ಕ್ ಮುಗಿದಿದೆ, ಇನ್ನೆರಡು ತಿಂಗಳಲ್ಲಿ ಸಿನಾಪ್ಸಿಸ್ (ಸಂಶೋಧನೆಯ ರೂಪರೇಖೆ) ಕೊಡಬೇಕು. ವಿಷಯ ಮಾಧ್ಯಮ ಸಾಕ್ಷರತೆ, ಅಂದರೆ ಸುದ್ದಿ, ಜಾಹೀರಾತು, ಮೆಸೇಜುಗಳನ್ನು ತೂಗಿ ನೋಡುವ ಕಲಿಕೆ, ಅದರಲ್ಲಿ ಬದಲಾವಣೆ ಇಲ್ಲ. ಆದರೆ ಅದರೊಳಗೆ ಏನು ಮಾಡಬೇಕು ಅನ್ನುವುದೇ ತೀರ್ಮಾನವಾಗುತ್ತಿಲ್ಲ.

ಗೈಡ್ ಹೇಳುವುದು ಇಷ್ಟು: ಸ್ಕೋಪಸ್ ಅನ್ನುವ ಸಂಶೋಧನಾ ಪೇಪರ್‌ಗಳ ಡೇಟಾಬೇಸ್‌ನಿಂದ ಈ ವಿಷಯದ ಪೇಪರ್‌ಗಳನ್ನೆಲ್ಲ ಇಳಿಸಿಕೊಂಡು, ಯಾವ ದೇಶ ಎಷ್ಟು ಬರೆದಿದೆ, ಯಾವ ಕೀವರ್ಡ್ ಯಾವ ವರ್ಷ ಜಾಸ್ತಿ ಬಂದಿದೆ ಅಂತ ನಕ್ಷೆ ಮಾಡಿ, ಸಂಶೋಧನೆಯ ಟ್ರೆಂಡ್ ತೋರಿಸಿ, ಬೇಗ ಮುಗಿಯುತ್ತದೆ. ಮನೆ, ಶಾಲೆ ಎರಡನ್ನೂ ನೋಡಿಕೊಂಡು ಓದುವವಳಿಗೆ ಆ ಮಾತು ಸಣ್ಣದಲ್ಲ.

ಆದರೆ ಹೋದ ವರ್ಷ ನಡೆದದ್ದು ತಲೆಯಿಂದ ಹೋಗುತ್ತಿಲ್ಲ. 9ನೇ ತರಗತಿಗೆ ಸುಳ್ಳು ಸುದ್ದಿ ಗುರುತಿಸುವ ಪಾಠ ಮಾಡಿದೆ. ಇಂಟರ್ನೆಟ್‌ನಲ್ಲಿ ಸಿಗುವ ಪಟ್ಟಿಗಳನ್ನೇ ಕನ್ನಡಕ್ಕೆ ತಂದು ಗೋಡೆಗೆ ಅಂಟಿಸಿದ್ದೆ. ಹೆದರಿಸುವ ಮಾತಿದ್ದರೆ ಅನುಮಾನಪಡಿ, 'ಎಲ್ಲರಿಗೂ ತಿಳಿಸಿ' ಅಂತಿದ್ದರೆ ಅನುಮಾನಪಡಿ, ಹೀಗೆ. ಮಕ್ಕಳು ಖುಷಿಯಿಂದ ಕಲಿತರು. ಎರಡು ವಾರ ಬಿಟ್ಟು ಮಂಗನ ಕಾಯಿಲೆ ಬಗ್ಗೆ ಆರೋಗ್ಯ ಇಲಾಖೆ ಕೊಟ್ಟ ಎಚ್ಚರಿಕೆ ಪತ್ರಿಕೆಯಲ್ಲಿ ಬಂದಿತ್ತು. ಕಾಡಿಗೆ ಹೋಗುವ ಮುಂಚೆ ಉಣುಗು ಕಚ್ಚದ ಹಾಗೆ ಎಣ್ಣೆ ಹಚ್ಚಿಕೊಳ್ಳಿ, ಜ್ವರ ಬಂದರೆ ತಡಮಾಡಬೇಡಿ, ಅಕ್ಕಪಕ್ಕದವರಿಗೂ ತಿಳಿಸಿ ಅಂತ. ಅದನ್ನು ಓದಿ ಹೇಳಿದೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು, 'ಮಿಸ್, ಹೆದರಿಸ್ತಾರೆ, ಎಲ್ಲರಿಗೂ ತಿಳಿಸಿ ಅಂತಾರೆ, ಇದೂ ಫೇಕೇ ಇರಬೇಕು' ಅಂದ. ಅರ್ಧ ತರಗತಿ ಹೌದು ಅಂತ ತಲೆ ಆಡಿಸಿತು. ನನಗೆ ನಿಜವಾಗಿ ಭಯವಾಯಿತು. ಈ ಕಾಯಿಲೆಯನ್ನು ಮೊದಲು ಕಂಡದ್ದೇ ನಮ್ಮ ಜಿಲ್ಲೆಯ ಕ್ಯಾಸನೂರಿನ ಕಾಡಿನಲ್ಲಿ, 1957ರಲ್ಲಿ. ಸೌದೆಗೆ, ದರಕಿಗೆ (ಉದುರಿದ ಒಣ ಎಲೆಗೆ) ಕಾಡಿಗೆ ಹೋಗುವ ಮನೆಯ ಮಕ್ಕಳು ಇವರು.

ನಾನು ಹೇಳಿಕೊಟ್ಟದ್ದು ಸರಿಯಾಗೇ ತಲೆಗೆ ಹೋಗಿದೆ, ಆದರೆ ಕೆಲಸ ಉಲ್ಟಾ ಮಾಡಿದೆ. ಇದರ ಬಗ್ಗೆ ಯಾರಾದರೂ ಸಂಶೋಧನೆ ಮಾಡಿದ್ದಾರಾ? ಟ್ರೆಂಡ್ ಎಣಿಸುವ ಕೆಲಸದಿಂದ ಇದಕ್ಕೆ ಉತ್ತರ ಸಿಗುತ್ತದಾ? ಗೊತ್ತಿರುವವರು ದಾರಿ ತೋರಿಸಿ.

ಹಳೇ_ಪತ್ರಿಕೋದ್ಯಮ

ಮೇಡಂ, ಆ ಹುಡುಗನ ಮಾತಿನಲ್ಲೇ ನಿಮ್ಮ ಪಿಎಚ್‌ಡಿ ಇದೆ. ನಾನು ಪತ್ರಿಕೋದ್ಯಮ ವಿಭಾಗದಲ್ಲಿ ಬಹಳ ವರ್ಷ ಪಾಠ ಮಾಡಿದವನು, ಈ ವಿಷಯದ ಪೇಪರ್‌ಗಳನ್ನು ಮೊದಲಿನಿಂದಲೂ ಓದಿಕೊಂಡು ಬಂದಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ.

ಶುರುವಿನಲ್ಲಿ ಇದು ಮಕ್ಕಳನ್ನು ಟಿವಿ, ಸಿನಿಮಾಗಳಿಂದ ಕಾಪಾಡುವ ಮಾತಾಗಿತ್ತು. ಬ್ರಿಟನ್‌ನ ಲೆನ್ ಮಾಸ್ಟರ್‌ಮನ್ 1985ರಲ್ಲಿ ಬರೆದ ಪುಸ್ತಕದಲ್ಲಿ ಅದನ್ನು ತಿರುಗಿಸಿದರು. ಮಾಧ್ಯಮ ಲೋಕವನ್ನು ಇದ್ದ ಹಾಗೆ ತೋರಿಸುವುದಿಲ್ಲ, ಕಟ್ಟಿ ತೋರಿಸುತ್ತದೆ, ಯಾರು ಯಾಕೆ ಹೀಗೆ ಕಟ್ಟಿದರು ಅಂತ ಮಕ್ಕಳು ಕೇಳಬೇಕು ಅಂದರು. ಅದಕ್ಕೂ ಮೊದಲು 1982ರಲ್ಲಿ ಜರ್ಮನಿಯ ಗ್ರೂನ್‌ವಾಲ್ಡ್‌ನಲ್ಲಿ ಯುನೆಸ್ಕೋ ಸಭೆ ಮಾಧ್ಯಮ ಶಿಕ್ಷಣದ ಬಗ್ಗೆ ಒಂದು ಘೋಷಣೆ ಹೊರಡಿಸಿತ್ತು. ಕೆನಡಾದ ಒಂಟಾರಿಯೊ 1987ರಲ್ಲಿ ಇದನ್ನು ಶಾಲೆಯ ಇಂಗ್ಲಿಷ್ ಪಠ್ಯದೊಳಗೇ ಸೇರಿಸಿತು. 1992ರಲ್ಲಿ ಅಮೆರಿಕದ ಆಸ್ಪೆನ್ ಸಭೆಯಲ್ಲಿ ಆದ ವ್ಯಾಖ್ಯಾನವನ್ನು ಇವತ್ತಿಗೂ ಪೇಪರ್‌ಗಳಲ್ಲಿ ಎತ್ತಿ ಹೇಳುತ್ತಾರೆ: ಮಾಧ್ಯಮವನ್ನು ಪಡೆಯುವುದು, ಬಿಡಿಸಿ ನೋಡುವುದು, ತೂಗಿ ನೋಡುವುದು, ತಾವೂ ತಯಾರಿಸುವುದು. ಕೊನೆಯದನ್ನು ನೆನಪಿಡಿ, ಆಮೇಲೆ ಅದಕ್ಕೆ ಬರುತ್ತೇನೆ.

ಪರಿಣಾಮ ಅಳೆಯುವ ಕೆಲಸ ಬಂದದ್ದು ನಿಧಾನವಾಗಿ. ರೆನೀ ಹಾಬ್ಸ್ ಮತ್ತು ರಿಚರ್ಡ್ ಫ್ರಾಸ್ಟ್ 2003ರಲ್ಲಿ ಅಮೆರಿಕದ ಒಂದು ಶಾಲೆಯ 11ನೇ ತರಗತಿಗೆ ಇಡೀ ವರ್ಷ ನಡೆದ ಇಂಥ ಪಾಠವನ್ನು ಇನ್ನೊಂದು ಶಾಲೆಯ ಜೊತೆ ಹೋಲಿಸಿ ಬರೆದರು. ಇಡೀ ವರ್ಷ, ನೋಡಿ. 2012ರಲ್ಲಿ ಜಿಯೋಂಗ್ ಮತ್ತು ಜೊತೆಯವರು 51 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ಮೆಟಾ ಅನಾಲಿಸಿಸ್ (ಎಲ್ಲದರ ಫಲಿತಾಂಶ ಸೇರಿಸಿ ಲೆಕ್ಕ) ಮಾಡಿದರು, ಸರಾಸರಿ ಪರಿಣಾಮ 0.37 ಬಂತು, ದೊಡ್ಡದಲ್ಲದಿದ್ದರೂ ಗಮನಿಸುವಂಥದ್ದು. ಇಂಥ ಪಾಠಗಳಿಂದ ಉಪಯೋಗ ಇದೆ ಅನ್ನುವುದಕ್ಕೆ ಅದು ಆಗ ಸಿಕ್ಕ ಒಳ್ಳೆಯ ಸಾಕ್ಷಿ. ಆಗಿನ ಪ್ರಯೋಗಗಳಲ್ಲಿ ಮದ್ಯ, ಸಿಗರೇಟು, ಜಾಹೀರಾತು, ಹಿಂಸೆ, ಹೆಣ್ಣುಮಕ್ಕಳ ದೇಹದ ಚಿತ್ರಣ ಇಂಥ ವಿಷಯಗಳೇ ಹೆಚ್ಚು.

2016ರ ಅಮೆರಿಕ ಚುನಾವಣೆ ಆದಮೇಲೆ ಇಡೀ ಹೊಳೆ ಒಂದೇ ಕಡೆ ತಿರುಗಿತು. ಎಲ್ಲರೂ ಸುಳ್ಳು ಸುದ್ದಿ ಹಿಂದೆ. ಅದೇ ವರ್ಷ ಸ್ಟ್ಯಾನ್‌ಫರ್ಡ್‌ನವರು 12 ರಾಜ್ಯಗಳಿಂದ 7,804 ಉತ್ತರಗಳನ್ನು ತರಿಸಿ ನೋಡಿದ್ದರು, ಮಿಡ್ಲ್ ಸ್ಕೂಲ್ ಮಕ್ಕಳಲ್ಲಿ 80%ಗಿಂತ ಜಾಸ್ತಿ ಜನ ದುಡ್ಡು ಕೊಟ್ಟು ಹಾಕಿಸಿದ ಜಾಹೀರಾತನ್ನೇ ಸುದ್ದಿ ಅಂದುಕೊಂಡಿದ್ದರು. ಅದರಿಂದ ಒಳ್ಳೆಯ ಕೆಲಸವೂ ಹುಟ್ಟಿತು. ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ 10 ಇತಿಹಾಸಕಾರರು, 10 ಫ್ಯಾಕ್ಟ್ ಚೆಕರ್‌ಗಳು (ಸುದ್ದಿ ನಿಜವಾ ಅಂತ ಪರೀಕ್ಷಿಸುವವರು), 25 ವಿದ್ಯಾರ್ಥಿಗಳನ್ನು ಕೂರಿಸಿ ವೆಬ್ ಪುಟಗಳನ್ನು ಹೇಗೆ ಓದುತ್ತಾರೆ ಅಂತ ನೋಡಿದರು. ಇತಿಹಾಸಕಾರರು ಅದೇ ಪುಟವನ್ನು ಮೇಲಿಂದ ಕೆಳಗೆ ಓದಿ ಎಷ್ಟೋ ಸಲ ಮೋಸ ಹೋದರು. ಫ್ಯಾಕ್ಟ್ ಚೆಕರ್‌ಗಳು ಪುಟ ಬಿಟ್ಟು ಪಕ್ಕದಲ್ಲಿ ಹೊಸ ಟ್ಯಾಬ್ ತೆರೆದು, ಇದನ್ನು ಬರೆದವರು ಯಾರು ಅಂತ ಬೇರೆಯವರ ಹತ್ತಿರ ವಿಚಾರಿಸಿದರು. ನೀವು ಗೋಡೆಗೆ ಅಂಟಿಸಿದ ಪಟ್ಟಿ ಮೊದಲ ಬಗೆಯದು ಮೇಡಂ, ಪುಟದ ಮುಖ ನೋಡಿ ಗುಣ ಹೇಳುವುದು. ಮುಖಲಕ್ಷಣ ನೋಡಿದರೆ ನಿಜವಾದ ಎಚ್ಚರಿಕೆಯೂ ಸುಳ್ಳಿನ ಹಾಗೇ ಕಾಣುತ್ತದೆ. ತಪ್ಪು ನಿಮ್ಮದಲ್ಲ, ಎಲ್ಲ ಕಡೆ ಅದನ್ನೇ ಹಂಚುತ್ತಿದ್ದಾರೆ.

ಈಗ ಎರಡು ಮೂರು ವರ್ಷದಿಂದ ಹೊಳೆ ಮತ್ತೆ ಎಐ ಕಡೆ ತಿರುಗಿದೆ. ಹಲವು ದೇಶಗಳ 15 ವರ್ಷದ ಮಕ್ಕಳಿಗೆ ನಡೆಯುವ ಪೀಸಾ ಪರೀಕ್ಷೆಯಲ್ಲಿ 2029ಕ್ಕೆ ಮಾಧ್ಯಮ ಮತ್ತು ಎಐ ಸಾಕ್ಷರತೆ ಅಂತ ಹೊಸ ಭಾಗವೇ ಬರುತ್ತಿದೆ. ಹಾಗಾಗಿ ನಕ್ಷೆ ಮಾಡಿದರೆ ಇದೆಲ್ಲ ಬಣ್ಣಬಣ್ಣದ ಚುಕ್ಕಿಗಳಾಗಿ ಕಾಣುತ್ತದೆ. ಆದರೆ ಆ ಹುಡುಗ ಯಾಕೆ ಹಾಗಂದ ಅಂತ ಯಾವ ಚುಕ್ಕಿಯೂ ಹೇಳುವುದಿಲ್ಲ.

ಅಳತೆ_ತಕ್ಕಡಿ

ನಾನು ಪರೀಕ್ಷೆ, ಅಳತೆ ಕಡೆಯವನು. ನಿಮ್ಮ ಪ್ರಶ್ನೆಗೆ ನೇರ ಉತ್ತರ: ಹೌದು, ಇದರ ಮೇಲೆ ಕೆಲಸ ಆಗಿದೆ, ಅದೂ ಇತ್ತೀಚೆಗೆ.

ಮಕ್ಕಳಿಗೆ 10 ಸುದ್ದಿ ಕೊಟ್ಟು ಹತ್ತೂ ಸುಳ್ಳೇ ಇಟ್ಟರೆ, ಎಲ್ಲದಕ್ಕೂ 'ಸುಳ್ಳು' ಅಂದವನಿಗೆ ಹತ್ತಕ್ಕೆ ಹತ್ತು. ಪೇಪರ್‌ನಲ್ಲಿ 'ಪಾಠ ಯಶಸ್ವಿ' ಅಂತ ಬರುತ್ತದೆ. ಅದೇ 5 ನಿಜ, 5 ಸುಳ್ಳು ಇಟ್ಟು ನೋಡಿ. ಪಾಠಕ್ಕೆ ಮುಂಚೆ ಒಬ್ಬ ಹುಡುಗಿ 3 ಸುಳ್ಳನ್ನು ಹಿಡಿದಳು, 4 ನಿಜವನ್ನು ನಿಜ ಅಂದಳು. ಪಾಠದ ನಂತರ 5 ಸುಳ್ಳನ್ನೂ ಹಿಡಿದಳು, ಆದರೆ ನಿಜವನ್ನು ನಿಜ ಅಂದದ್ದು 2 ಮಾತ್ರ. ಮೊದಲೂ ಒಟ್ಟು 7, ಈಗಲೂ 7. ಅವಳು ಕಲಿತದ್ದು ಬೇರ್ಪಡಿಸುವುದನ್ನಲ್ಲ, ಎಲ್ಲದರ ಮೇಲೂ ಅನುಮಾನಪಡುವುದನ್ನು. (ಇದು ನಾನು ಅರ್ಥವಾಗಲಿ ಅಂತ ಮಾಡಿದ ಲೆಕ್ಕ.)

ಸುಳ್ಳು ಸುದ್ದಿಗೆ ಲಸಿಕೆ ಹಾಕುವಂಥ ಆಟಗಳು ಬಂದಿವೆಯಲ್ಲ, ಆಟಗಾರ ತಾನೇ ಸುಳ್ಳು ಹಬ್ಬಿಸುವವನಾಗಿ ತಂತ್ರಗಳನ್ನು ಕಲಿಯುವುದು, ಅವುಗಳ ದತ್ತಾಂಶವನ್ನು ಮೋದಿರೂಸ್ತಾ-ಗಾಲಿಯನ್ ಮತ್ತು ಹೈಯಮ್ 2023ರಲ್ಲಿ ಮತ್ತೆ ಲೆಕ್ಕ ಹಾಕಿದರು. ಅವರಿಗೆ ಕಂಡದ್ದು ಇದೇ: ಬೇರ್ಪಡಿಸುವ ಶಕ್ತಿ ಹೆಚ್ಚಲಿಲ್ಲ, 'ಸುಳ್ಳು' ಅನ್ನುವ ಕಡೆ ವಾಲಿದ್ದು ಹೆಚ್ಚಾಯಿತು. 2024ರಲ್ಲಿ ಎಮ್ಮಾ ಹೂಸ್ ಮತ್ತು ಜೊತೆಯವರು ಅಮೆರಿಕ, ಪೋಲೆಂಡ್, ಹಾಂಗ್‌ಕಾಂಗ್ ಮೂರೂ ಕಡೆ ಪ್ರಯೋಗ ಮಾಡಿ ಬರೆದದ್ದೂ ಅದನ್ನೇ, ಸುಳ್ಳಿನ ಮೇಲಿನ ನಂಬಿಕೆ ಇಳಿಯುತ್ತದೆ, ಜೊತೆಗೆ ನಿಜದ ಮೇಲಿನದೂ ಇಳಿಯುತ್ತದೆ. ನಿಮ್ಮ ಮಂಗನ ಕಾಯಿಲೆ ಪಾಠ ಆ ಪೇಪರ್‌ನ ಮಲೆನಾಡು ರೂಪ.

ಇನ್ನೊಂದು, ಸಂಶೋಧಕರೇ ಗಮನಿಸದೆ ಬಿಡುವ ವಿಷಯ. ಪೋಸ್ಟ್-ಟೆಸ್ಟ್, ಅಂದರೆ ಪಾಠದ ನಂತರದ ಪರೀಕ್ಷೆಯನ್ನು, ಪಾಠ ಮುಗಿದ ತಕ್ಷಣ ಮಾಡಬೇಡಿ, ಅಥವಾ ಮಾಡಿದರೂ ನಾಲ್ಕು ತಿಂಗಳು ಬಿಟ್ಟು ಮತ್ತೊಮ್ಮೆ ಮಾಡಿ. ಅದೇ ದಿನ ಅಳೆದರೆ ನೆನಪಿನ ಶಕ್ತಿ ಅಳೆದ ಹಾಗೆ. ಮತ್ತೆ, 'ನನಗೆ ಸುಳ್ಳು ಸುದ್ದಿ ಗುರುತಿಸಲು ಬರುತ್ತದೆ, ಒಪ್ಪುತ್ತೇನೆ, ಒಪ್ಪುವುದಿಲ್ಲ' ಅಂತ ಐದು ಮನೆಯ ಪ್ರಶ್ನಾವಳಿ ಕೊಟ್ಟು ಪಿಎಚ್‌ಡಿ ಮುಗಿಸುವ ರೂಢಿ ನಮ್ಮಲ್ಲಿ ಇದೆ. ದಯವಿಟ್ಟು ಆ ದಾರಿ ಬೇಡ. ಅದು ಧೈರ್ಯ ಅಳೆಯುತ್ತದೆ, ಕೌಶಲ ಅಲ್ಲ.

ಬೀದರ್_ಕಡೆಯವನು

ಮೇಲಿನ ಇಬ್ಬರ ಮಾತೂ ಸರಿ. ಆದರೆ ಒಂದು ಮಾತಿಗೆ ನಾನು ಒಪ್ಪುವುದಿಲ್ಲ. ಜನ ಸುಳ್ಳನ್ನು ಹಂಚುವುದು ಗೊತ್ತಾಗದೆ ಅಂತ ಎಲ್ಲರೂ ಮೊದಲೇ ತೀರ್ಮಾನ ಮಾಡಿಕೊಂಡ ಹಾಗಿದೆ.

2018ರ ಜುಲೈನಲ್ಲಿ ನಮ್ಮ ಜಿಲ್ಲೆಯ ಮುರ್ಕಿಯಲ್ಲಿ ಏನಾಯಿತು ಅಂತ ಎಲ್ಲರಿಗೂ ಗೊತ್ತು. ಹೊರಗಿನಿಂದ ಕಾರಿನಲ್ಲಿ ಬಂದ ಯುವಕರು ಶಾಲೆ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು, ಮಕ್ಕಳ ಕಳ್ಳರು ಅಂತ ವಾಟ್ಸಾಪ್‌ನಲ್ಲಿ ಹರಡಿತು, ಜನ ಮುತ್ತಿ ಹೊಡೆದರು, ಒಬ್ಬರು ಸತ್ತೇ ಹೋದರು. ಅದೇ ವರ್ಷ ಮೇ ತಿಂಗಳಲ್ಲಿ ಬೆಂಗಳೂರಿನಲ್ಲೂ ಇಂಥದ್ದೇ ಆಗಿತ್ತು. ಆಮೇಲೆ ವಾಟ್ಸಾಪ್ ಒಂದು ಸಲಕ್ಕೆ 5 ಚಾಟ್‌ಗೆ ಮಾತ್ರ ಫಾರ್ವರ್ಡ್ ಅಂತ ಕಡಿವಾಣ ಹಾಕಿತು.

ಆ ಹೊತ್ತಿನಲ್ಲಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಶಕುಂತಲಾ ಬಾನಾಜಿ ಮತ್ತು ರಾಮ್ ಭಟ್ ಒಂದು ಅಧ್ಯಯನ ಮಾಡಿದರು, 2019ರಲ್ಲಿ ವರದಿ ಬಂತು. ಕರ್ನಾಟಕ, ಮಹಾರಾಷ್ಟ್ರ, ಮಧ್ಯಪ್ರದೇಶ, ಉತ್ತರ ಪ್ರದೇಶದಲ್ಲಿ ತಿರುಗಿ ಜನರ ಜೊತೆ ಕೂತು ಮಾತಾಡಿದ್ದರು. ಅವರು ಹೇಳಿದ್ದು: ಹಂಚುವವರಿಗೆ ಮಾಧ್ಯಮ ಅರ್ಥವಾಗುವುದಿಲ್ಲ ಅನ್ನುವುದು ಮುಖ್ಯ ಕಾರಣ ಅಲ್ಲ, ಕೆಲವು ಸಮುದಾಯಗಳ ಮೇಲೆ ಮೊದಲೇ ಇರುವ ದ್ವೇಷ, ಅನುಮಾನ ಕಾರಣ. ಮೆಸೇಜು ಅದಕ್ಕೆ ನೆಪ. ಯಾರ ಬಗ್ಗೆ ಯಾವ ಸುಳ್ಳನ್ನು ನಂಬಲು ನಾವು ತಯಾರಾಗಿ ಕೂತಿದ್ದೇವೆ ಅನ್ನುವುದನ್ನು ತರಗತಿಯಲ್ಲಿ ಮಾತಾಡದೆ, ಟ್ಯಾಬ್ ತೆರೆಯುವುದನ್ನು ಮಾತ್ರ ಹೇಳಿಕೊಟ್ಟರೆ ಅದು ಅರ್ಧ ಪಾಠ.

ಬಿಹಾರದ ಇನ್ನೊಂದು ಪ್ರಯೋಗವೂ ಇದನ್ನೇ ತೋರಿಸುತ್ತದೆ. 2019ರ ಲೋಕಸಭಾ ಚುನಾವಣೆ ಸಮಯ, ಸುಮಿತ್ರಾ ಬದ್ರಿನಾಥನ್ ಅವರ ತಂಡ 1,224 ಜನರ ಮೇಲೆ ಮಾಡಿದ್ದು. ಮನೆಗೆ ಹೋಗಿ ಸುಳ್ಳು ಸುದ್ದಿ ಗುರುತಿಸುವುದನ್ನು ಸುಮಾರು ಒಂದು ಗಂಟೆ ಹೇಳಿಕೊಟ್ಟರು. ಸರಾಸರಿಯಲ್ಲಿ ಗಮನಕ್ಕೆ ಬರುವಂಥ ಬದಲಾವಣೆ ಆಗಲಿಲ್ಲ. ಅಷ್ಟೇ ಅಲ್ಲ, ಆಡಳಿತ ಪಕ್ಷದ ಬೆಂಬಲಿಗರು ತಮ್ಮ ಪಕ್ಷಕ್ಕೆ ಅನುಕೂಲವಾದ ಸುಳ್ಳನ್ನು ಗುರುತಿಸುವುದರಲ್ಲಿ ಮೊದಲಿಗಿಂತ ಹಿಂದೆ ಬಿದ್ದರು. ಯಾವ ಪಕ್ಷ ಅನ್ನುವ ಜಗಳಕ್ಕೆ ಇದನ್ನು ಹೇಳುತ್ತಿಲ್ಲ. ತನ್ನ ಕಡೆಯವರ ಮೇಲೆ ಬಂದಾಗ ಮನುಷ್ಯ ಗಟ್ಟಿಯಾಗಿ ಹಿಡಿದುಕೊಳ್ಳುತ್ತಾನೆ, ಅಲ್ವಾ?

ಮಲೆನಾಡು_ಮಿಸ್

ಇಷ್ಟು ಬೇಗ ಇಷ್ಟೆಲ್ಲ ಬರೆದಿದ್ದೀರಿ, ಎಲ್ಲರಿಗೂ ತುಂಬ ಧನ್ಯವಾದ. ತಕ್ಕಡಿ ಸರ್, ನಿಮ್ಮ ಐದು-ಐದು ಲೆಕ್ಕ ನೋಡಿ ಕೂತಲ್ಲೇ ಹಳೇ ಪ್ರಶ್ನೆಪತ್ರಿಕೆ ತೆಗೆದು ನೋಡಿದೆ. ನಾನು ಕೊಟ್ಟ ಎಂಟೂ ಸುಳ್ಳೇ. ಮಕ್ಕಳು ಚೆನ್ನಾಗಿ ಮಾಡಿದರು ಅಂತ ಹೆಡ್‌ಮಾಸ್ಟರ್ ಹತ್ತಿರ ಹೇಳಿಯೂ ಬಂದಿದ್ದೆ. ಬೇಜಾರಾಯಿತು.

ಬೀದರ್ ಸರ್, ನಿಮ್ಮ ಮಾತು ಓದಿ ಸ್ವಲ್ಪ ಎದೆಗುಂದಿದೆ. ಒಂದು ಗಂಟೆ ಪಾಠದಿಂದ ಏನೂ ಆಗುವುದಿಲ್ಲ ಅಂದರೆ ನನ್ನಂಥ ಒಬ್ಬಳು ಟೀಚರ್ ಏನು ಮಾಡಲಿ?

ಅರಿವು_ಕೇಂದ್ರ

ಮೇಡಂ ಎದೆಗುಂದಬೇಡಿ. ಬಿಹಾರದ ಕತೆ ಅಲ್ಲಿಗೆ ಮುಗಿಯುವುದಿಲ್ಲ. ಅದೇ ಬದ್ರಿನಾಥನ್, ಜೊತೆಗೆ ಪ್ರಿಯದರ್ಶಿ ಅಮರ್, ಸೈಮನ್ ಶೋಶಾರ್, ಫ್ಲೋರಿಯನ್ ಸಿಷಾರ್ಟ್ ಸೇರಿ ಮತ್ತೆ ಬಿಹಾರಕ್ಕೇ ಹೋದರು. ಈ ಸಲ ದೊಡ್ಡವರ ಮನೆಗಲ್ಲ, ಮಕ್ಕಳ ಹತ್ತಿರ. ಒಂದು ಗಂಟೆಯಲ್ಲ, ಸುಮಾರು ನಾಲ್ಕು ತಿಂಗಳು. ರಾಜ್ಯ ಸರ್ಕಾರದ ಸಂಸ್ಥೆಯೊಂದರ ಜೊತೆ ಸೇರಿ 583 ಹಳ್ಳಿ, 13,500 ಮಕ್ಕಳು. ವಿಷಯ ಆರೋಗ್ಯದ ಸುಳ್ಳುಗಳು. ಮಕ್ಕಳು ನಿಜ ಸುಳ್ಳು ಬೇರ್ಪಡಿಸುವುದರಲ್ಲಿ ಸ್ಪಷ್ಟವಾಗಿ ಮುಂದೆ ಬಂದರು. ಪಾಠ ಮುಗಿದು ನಾಲ್ಕು ತಿಂಗಳಾದ ಮೇಲೆ ಕೇಳಿದರೂ ಅದು ಉಳಿದಿತ್ತು. ಪಾಠದಲ್ಲಿ ಇಲ್ಲದ ರಾಜಕೀಯದ ಸುಳ್ಳುಗಳಿಗೂ ಹರಡಿತ್ತು. ಮನೆಯಲ್ಲಿ ಅಪ್ಪ ಅಮ್ಮಂದಿರೂ ಸುಧಾರಿಸಿದ್ದರು, ಅವರಿಗೆ ಯಾರೂ ಪಾಠ ಮಾಡಿರಲಿಲ್ಲ. ಇದನ್ನು ಓದಿದ ದಿನ ನಾನು ತುಂಬ ಖುಷಿಪಟ್ಟೆ.

ನಾನು ಗ್ರಾಮ ಪಂಚಾಯಿತಿ ಗ್ರಂಥಾಲಯ ನೋಡಿಕೊಳ್ಳುವವನು. ಸಂಜೆ ಮಕ್ಕಳು ಬರುತ್ತಾರೆ, ಕಂಪ್ಯೂಟರ್ ಇದೆ, ಕನ್ನಡ ಪತ್ರಿಕೆ ಬರುತ್ತದೆ. ಶಾಲೆಯಲ್ಲಿ ಪೀರಿಯಡ್ ಸಿಗದಿದ್ದರೆ ಇಲ್ಲಿ ಮಾಡಬಹುದು. ಇನ್ನೊಂದು, ಹೋಲಿಸಿ ನೋಡಲು ಇಟ್ಟುಕೊಳ್ಳುವ, ಪಾಠ ಸಿಗದ ಗುಂಪಿನ ಮಕ್ಕಳನ್ನು ಸುಮ್ನೆ ಕೂರಿಸಬೇಡಿ. ಬಿಹಾರದಲ್ಲಿ ಆ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಟ್ಟರು. ಮನೆಯವರು ಒಪ್ಪಬೇಕಾದರೆ ಅದು ಬೇಕೇ ಬೇಕು.

ತಾಂಪೆರೆ_ಕನ್ನಡತಿ

ಫಿನ್‌ಲ್ಯಾಂಡ್‌ನಿಂದ ಚಿಕ್ಕದಾಗಿ. ಮಾಧ್ಯಮ ಸಾಕ್ಷರತೆಯಲ್ಲಿ ಫಿನ್‌ಲ್ಯಾಂಡ್ ನಂಬರ್ ಒನ್ ಅಂತ ನಿಮ್ಮ ಸಿನಾಪ್ಸಿಸ್‌ನ ಮೊದಲ ಪುಟದಲ್ಲಿ ಬರೆಯುವ ಆಸೆ ಇದ್ದರೆ ಸ್ವಲ್ಪ ನೋಡಿ ಬರೆಯಿರಿ. ಹಾಗೆ ದೇಶಗಳಿಗೆ ಸ್ಥಾನ ಕೊಡುವ ಸೂಚ್ಯಂಕ ಮಾಡುವುದು ಬಲ್ಗೇರಿಯಾದ ಸೋಫಿಯಾದಲ್ಲಿರುವ ಒಂದು ಸಂಸ್ಥೆ. ಅದರಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳುವುದು ಪತ್ರಿಕಾ ಸ್ವಾತಂತ್ರ್ಯ, ಪೀಸಾ ಅಂಕಗಳು, ಜನ ಒಬ್ಬರನ್ನೊಬ್ಬರು ಎಷ್ಟು ನಂಬುತ್ತಾರೆ ಇಂಥವು. ಯಾವ ಮಗುವಿಗೂ ಸುಳ್ಳು ಸುದ್ದಿ ತೋರಿಸಿ ಪರೀಕ್ಷೆ ಮಾಡಿದ ಅಂಕ ಅದರಲ್ಲಿಲ್ಲ.

ಆದರೆ ಇಲ್ಲಿಯ ಶಾಲೆ ನಿಜಕ್ಕೂ ಚೆನ್ನಾಗಿದೆ. 2016ರಿಂದ ಜಾರಿಗೆ ಬಂದ ಪಠ್ಯಕ್ರಮದಲ್ಲಿ 'ಮೋನಿಲುಕುತೈತೊ' ಅಂತ ಒಂದು ಮಾತಿದೆ, ಬಹುಬಗೆಯ ಓದು ಅನ್ನಬಹುದು. ಅದಕ್ಕೆ ಬೇರೆ ಪೀರಿಯಡ್ ಇಲ್ಲ. ಎಲ್ಲ ವಿಷಯದ ಟೀಚರ್‌ಗಳೂ ಅವರವರ ಪಾಠದಲ್ಲೇ ಮಾಡಬೇಕು. ನಿಮಗೆ ಇದು ಅನುಕೂಲ ಅನ್ನಿಸುತ್ತದೆ, ಸಮಾಜ ವಿಜ್ಞಾನದಲ್ಲಿ ಆಧಾರಗಳ ಪಾಠ ಹೇಗೂ ಇದೆಯಲ್ಲ, ಶಾಸನ ಓದುವಾಗ ಬರೆಸಿದವರು ಯಾರು ಅಂತ ಕೇಳುತ್ತೇವಲ್ಲ, ಅದೇ ಪ್ರಶ್ನೆಯನ್ನು ಫಾರ್ವರ್ಡ್‌ಗೂ ಕೇಳಿ.

ಹಳೇ_ಪತ್ರಿಕೋದ್ಯಮ

ಆಗ ಬಿಟ್ಟದ್ದಕ್ಕೆ ಬರುತ್ತೇನೆ, ತಾವೂ ತಯಾರಿಸುವುದು. ನಿಮ್ಮ ಗೈಡ್‌ಗೆ ಹೇಳಲು ಇದು ಒಳ್ಳೆಯ ವಾದ.

ಕೀವರ್ಡ್ ಹಾಕಿ ಹುಡುಕಿದರೆ ಆ ಕೀವರ್ಡ್ ಬಳಸಿದವರು ಮಾತ್ರ ಸಿಗುತ್ತಾರೆ. ಲ್ಯಾಟಿನ್ ಅಮೆರಿಕದಲ್ಲಿ ಮಾರಿಯೊ ಕಪ್ಲುನ್ 1970ರ ದಶಕದಲ್ಲೇ ರೈತರ ಗುಂಪುಗಳ ನಡುವೆ ಕ್ಯಾಸೆಟ್ ಓಡಾಡಿಸಿ, ಒಂದು ಬದಿಯಲ್ಲಿ ಚರ್ಚೆಯ ವಿಷಯ, ಇನ್ನೊಂದು ಬದಿಯಲ್ಲಿ ಅವರ ಉತ್ತರ ಅಂತ ಮಾಡಿದ್ದರು. ಆ ಪರಂಪರೆಗೆ ಅಲ್ಲಿ ಬೇರೆಯೇ ಹೆಸರು, ಶಿಕ್ಷಣ-ಸಂವಹನ ಅನ್ನುವ ಅರ್ಥದ್ದು. ನಮ್ಮ ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ 'ನಮ್ಮ ಧ್ವನಿ' ನಡೆಯಲಿಲ್ಲವೇ? ಸಮುದಾಯ ರೇಡಿಯೊಗೆ ಇನ್ನೂ ಅನುಮತಿ ಇಲ್ಲದ ಕಾಲ. ಸ್ವಸಹಾಯ ಸಂಘದ ಹೆಣ್ಣುಮಕ್ಕಳು ತಾವೇ ಕಾರ್ಯಕ್ರಮ ರೆಕಾರ್ಡ್ ಮಾಡಿ ಕೇಬಲ್ ಮೂಲಕ ಮನೆಮನೆಗೆ ಕಳಿಸುತ್ತಿದ್ದರು. ಒಂದು ಕಾರ್ಯಕ್ರಮದಲ್ಲಿ ಯಾವುದನ್ನು ಇಟ್ಟುಕೊಂಡೆವು, ಯಾವುದನ್ನು ಕತ್ತರಿಸಿದೆವು ಅಂತ ಕೈಯಾರೆ ಮಾಡಿದವರಿಗೆ ಬೇರೆಯವರ ಕತ್ತರಿಯೂ ಕಾಣುತ್ತದೆ. ಮಾಸ್ಟರ್‌ಮನ್ ಹೇಳಿದ್ದೂ ಅದೇ ಅಲ್ವಾ? ಆದರೆ ಸ್ಕೋಪಸ್‌ನಲ್ಲಿ ಮೀಡಿಯಾ ಲಿಟರಸಿ ಅಂತ ಹುಡುಕಿದವರಿಗೆ ಬೂದಿಕೋಟೆ ಎಲ್ಲಿ ಸಿಗುತ್ತದೆ? ಕನ್ನಡದಲ್ಲಿ ಬರೆದದ್ದಂತೂ ಇಲ್ಲವೇ ಇಲ್ಲ ಅನ್ನಬಹುದು.

ಇನ್ನೊಂದು ಎಚ್ಚರಿಕೆ. ಪಕ್ಕದ ಟ್ಯಾಬ್ ತೆರೆಯಿರಿ ಅಂತ ನಾನೇ ಹೊಗಳಿದೆ. ಆದರೆ 2023ರ ಕೊನೆಯಲ್ಲಿ ನೇಚರ್ ಪತ್ರಿಕೆಯಲ್ಲಿ ಕೆವಿನ್ ಆಸ್ಲೆಟ್ ತಂಡದ ಅಧ್ಯಯನ ಬಂತು. ಹೊಸದಾಗಿ ಬಂದ ಸುಳ್ಳನ್ನು ಗೂಗಲ್‌ನಲ್ಲಿ ಹುಡುಕಿದವರು ಅದನ್ನು ಮೊದಲಿಗಿಂತ ಜಾಸ್ತಿ ನಂಬಿದರು, ಯಾಕೆಂದರೆ ಹುಡುಕಿದಾಗ ಸಿಕ್ಕದ್ದೂ ಕಳಪೆ ಪುಟಗಳೇ. ಅದು ಇಂಗ್ಲಿಷ್‌ನಲ್ಲಿ. ಕನ್ನಡದಲ್ಲಿ ಹುಡುಕುವ ಮಗುವಿಗೆ ಒಳ್ಳೆಯ ಪುಟಗಳು ಇನ್ನೂ ಕಡಿಮೆ. ಹಾಗಾದರೆ ನಮ್ಮ ಮಗು ಯಾರನ್ನು ಕೇಳಬೇಕು? ಆಶಾ ಕಾರ್ಯಕರ್ತೆಯನ್ನಾ, ಪತ್ರಿಕೆಯನ್ನಾ, ಪಿಎಚ್‌ಸಿ ಡಾಕ್ಟರನ್ನಾ? ಇದನ್ನು ಕನ್ನಡ ಶಾಲೆಯಲ್ಲಿ ನಿಂತು ನೋಡಬೇಕಾದವರು ನಿಮ್ಮಂಥವರೇ.

ಮಲೆನಾಡು_ಮಿಸ್

ರಾತ್ರಿ ಕೂತು ಒಂದು ರೂಪ ಮಾಡಿದೆ, ತಪ್ಪಿದ್ದರೆ ತಿದ್ದಿ.

ಎಣಿಕೆಯನ್ನು ಪೂರ್ತಿ ಬಿಡುವುದಿಲ್ಲ, ಗೈಡ್ ಮಾತಿಗೂ ಬೆಲೆ ಇರಲಿ, ಅದು ಎರಡನೇ ಅಧ್ಯಾಯ ಆಗುತ್ತದೆ. ಅದರಲ್ಲೇ ಕೀವರ್ಡ್‌ಗೆ ಸಿಗದೆ ಹೋದದ್ದನ್ನೂ ಬರೆಯುತ್ತೇನೆ. ಉಳಿದದ್ದು ತರಗತಿ. ನಮ್ಮ ತಾಲೂಕಿನ ನಾಲ್ಕು ಶಾಲೆ, 9ನೇ ತರಗತಿ, ಎರಡು ಶಾಲೆಗೆ ಈ ಪಾಠ, ಎರಡಕ್ಕೆ ಸ್ಪೋಕನ್ ಇಂಗ್ಲಿಷ್. ವಾರಕ್ಕೆ ಒಂದು ಪೀರಿಯಡ್, ಮೂರು ತಿಂಗಳು. ವಿಷಯ ಆರೋಗ್ಯ: ಮಂಗನ ಕಾಯಿಲೆ, ಹಾವು ಕಡಿತ, ಲಸಿಕೆ. ನಿಜ, ಸುಳ್ಳು ಸಮ ಸಮ. ಪಾಠದಲ್ಲಿ ಪಟ್ಟಿ ಇಲ್ಲ, 'ಇದನ್ನು ಯಾರ ಹತ್ತಿರ ಕೇಳಿದರೆ ಗೊತ್ತಾಗುತ್ತದೆ' ಅನ್ನುವುದೇ ಮುಖ್ಯ. ಕೊನೆಯ ಮೂರು ವಾರ ಮಕ್ಕಳೇ ಊರಿಗೆ ಒಂದು ಆರೋಗ್ಯದ ಸುದ್ದಿಪತ್ರ ಮಾಡುತ್ತಾರೆ, ಆಶಾ ಕಾರ್ಯಕರ್ತೆಯನ್ನು ಮಾತಾಡಿಸಿ. ಬೀದರ್ ಸರ್ ಹೇಳಿದ್ದಕ್ಕೆ ಒಂದು ಪೂರ್ತಿ ಪೀರಿಯಡ್, ಯಾವ ಊರಿನವರ, ಯಾವ ಜನರ ಮೇಲೆ ನಾವು ಬೇಗ ಅನುಮಾನಪಡುತ್ತೇವೆ ಅಂತ. ಅದನ್ನು ಹೇಗೆ ಶುರು ಮಾಡುವುದು ಇನ್ನೂ ಹೊಳೆದಿಲ್ಲ.

ಅಳತೆ_ತಕ್ಕಡಿ

ಚೆನ್ನಾಗಿದೆ ಮೇಡಂ. ನಾಲ್ಕೇ ಶಾಲೆ ಅಂದರೆ ಒಂದು ತೊಂದರೆ: ಒಂದು ಶಾಲೆಯ ಟೀಚರ್ ಹುಷಾರಾಗಿದ್ದರೆ ಅಲ್ಲಿಯ ಅಂಕವೆಲ್ಲ ಮೇಲೆ ಹೋಗುತ್ತದೆ, ಅದು ಪಾಠದಿಂದ ಬಂದದ್ದಾ ಟೀಚರ್‌ನಿಂದ ಬಂದದ್ದಾ ಗೊತ್ತಾಗುವುದಿಲ್ಲ. ಶಾಲೆ ಹೆಚ್ಚಿಸಲು ಆಗದಿದ್ದರೆ ಒಂದೇ ಶಾಲೆಯ ಎ, ಬಿ ಸೆಕ್ಷನ್ ಬೇರೆ ಮಾಡಬಹುದು ಅನ್ನಿಸುತ್ತದೆ, ಆದರೆ ಮಕ್ಕಳು ಬಿಡುವಿನಲ್ಲಿ ಮಾತಾಡಿಕೊಳ್ಳುತ್ತಾರೆ, ಅದೂ ಕಷ್ಟ. ಎಂಟು ಶಾಲೆ ಮಾಡಿ. ಅರಿವು ಕೇಂದ್ರದವರು ಸಹಾಯ ಮಾಡಿದರೆ ಆಗುತ್ತದೆ. ಪ್ರಶ್ನೆಗಳನ್ನು ಮೊದಲು ಬೇರೆ ಒಂದು ತರಗತಿಗೆ ಕೊಟ್ಟು ನೋಡಿ, ಎಲ್ಲರಿಗೂ ಗೊತ್ತಿರುವುದು, ಯಾರಿಗೂ ಗೊತ್ತಿಲ್ಲದ್ದು ಎರಡನ್ನೂ ತೆಗೆದುಹಾಕಿ.

ಬೀದರ್_ಕಡೆಯವನು

ಆ ಪೀರಿಯಡ್ ಶುರು ಮಾಡುವುದಕ್ಕೆ ಒಂದು ದಾರಿ. ಬೇರೆಯವರಿಂದ ಶುರು ಮಾಡಬೇಡಿ, ಮಕ್ಕಳನ್ನೇ ಕೇಳಿ, ನಿಮ್ಮ ಬಗ್ಗೆ ಯಾರಾದರೂ ಇಲ್ಲದ್ದು ಹೇಳಿ ಅದನ್ನು ಎಲ್ಲರೂ ನಂಬಿದ್ದು ಇದೆಯಾ ಅಂತ. ನಾನು ಇಲ್ಲಿ ಮಕ್ಕಳ ಜೊತೆ ಮಾಡಿ ನೋಡಿದ್ದೇನೆ. ಮೊದಲು ಹತ್ತು ನಿಮಿಷ ಯಾರೂ ಬಾಯಿ ಬಿಡುವುದಿಲ್ಲ. ಆಮೇಲೆ ಒಬ್ಬ ಶುರು ಮಾಡಿದರೆ ಗಂಟೆ ಹೊಡೆದರೂ ನಿಲ್ಲುವುದಿಲ್ಲ. ಎರಡು ಪೀರಿಯಡ್ ಇಟ್ಟುಕೊಳ್ಳಿ.